ಬರ್ಗಂಡಿಯ ನೆಲಮಾಳಿಗೆಯಲ್ಲಿ ಒಂದು ರಸಾಯನ ಪಾಠ

ಪ್ಯಾರಿಸ್‌ನಿಂದ ಆಗ್ನೇಯಕ್ಕೆ ಹೊರಡುವ ವೇಗದ ರೈಲು ಒಂದೂವರೆ ಗಂಟೆ ಚಿಲ್ಲರೆಯಲ್ಲಿ ದಿಜೋನ್ ನಗರ ಮುಟ್ಟುತ್ತದೆ. ಅಲ್ಲಿ ಇಳಿದು ದಕ್ಷಿಣದ ಬೋನ್ ಪಟ್ಟಣಕ್ಕೆ ಹೋಗುವ ಸಣ್ಣ ರೈಲು ಹತ್ತುವ ಪ್ರವಾಸಿ ಬಲಗಡೆಯ ಕಿಟಕಿ ಹಿಡಿದರೆ ಒಳ್ಳೆಯದು. ಎಡಕ್ಕೆ ಸೋನ್ ನದಿಯ ಬಯಲು, ಗೋಧಿ ಹೊಲ, ಕಾರ್ಖಾನೆಗಳ ತಗಡು ಚಾವಣಿ. ಬಲಕ್ಕೆ, ಹಳಿಗೆ ಸಮಾನಾಂತರವಾಗಿ, ಬಿಡದೆ ಜೊತೆಯಲ್ಲೇ ಬರುವ ಒಂದು ತಗ್ಗಾದ ಇಳಿಜಾರು. ಬೆಟ್ಟ ಎನ್ನುವಷ್ಟು ಎತ್ತರವಿಲ್ಲ. ನಂದಿಬೆಟ್ಟ ಕಂಡವರಿಗೆ ಅದು ದಿಬ್ಬದಂತೆ ಕಂಡೀತು. ನೆತ್ತಿಯಲ್ಲಿ ಕಾಡು, ಅದರ ಕೆಳಗೆ ಬಾಚಣಿಗೆಯಲ್ಲಿ ಬಾಚಿದಂತೆ ದ್ರಾಕ್ಷಿ ಸಾಲುಗಳು.

ಇದೇ ಕೋತ್ ದೋರ್. ಉದ್ದ ಸುಮಾರು ಐವತ್ತು ಕಿಲೋಮೀಟರ್. ಅಗಲ ಕೆಲವೆಡೆ ಒಂದು ಕಿಲೋಮೀಟರೂ ಇಲ್ಲ. ಜಗತ್ತಿನ ಅತಿ ದುಬಾರಿ ಕೆಂಪು ವೈನ್ ಇಲ್ಲಿಯದು. ಇದೇ ಪ್ರದೇಶದಿಂದ ಹದಿನೈದು ಯೂರೋ ಆಸುಪಾಸಿಗೆ ಅಂಗಡಿಯಲ್ಲಿ ಸಿಗುವ ಕೆಂಪು ವೈನೂ ಬರುತ್ತದೆ. ಎರಡಕ್ಕೂ ದ್ರಾಕ್ಷಿ ಒಂದೇ, ಪಿನೋ ನ್ವಾರ್. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಉತ್ತರದ ಅರ್ಧ ಭಾಗ ಒಂದು ರಸ್ತೆಯಲ್ಲಿದೆ. ಒಂದು ಕಾಲಕ್ಕೆ ರಾಷ್ಟ್ರೀಯ ಹೆದ್ದಾರಿ 74 ಎನಿಸಿಕೊಂಡಿದ್ದು, ಈಗ ಜಿಲ್ಲಾ ರಸ್ತೆ 974 ಆಗಿರುವ ದಾರಿ ಇಳಿಜಾರಿನ ಬುಡದಲ್ಲೇ ಸಾಗುತ್ತದೆ. ರಸ್ತೆಯ ಪೂರ್ವಕ್ಕೆ, ಬಯಲಿನ ಆಳವಾದ ಜೇಡಿಮಣ್ಣಿನಲ್ಲಿ ಬೆಳೆದದ್ದಕ್ಕೆ ಬಹುಮಟ್ಟಿಗೆ 'ಬೂರ್ಗೋನ್' ಎಂಬ ಪ್ರಾಂತದ ಹೆಸರಷ್ಟೇ. ರಸ್ತೆ ದಾಟಿ ಪಶ್ಚಿಮಕ್ಕೆ ಹತ್ತಿದರೆ ಊರಿನ ಹೆಸರು ಹೊತ್ತ ವೈನ್. ಇನ್ನೂ ನೂರಿನ್ನೂರು ಹೆಜ್ಜೆ ಮೇಲೆ 'ಪ್ರೆಮಿಯೆ ಕ್ರೂ', ಅಂದರೆ ಮೊದಲ ದರ್ಜೆ. ಇಳಿಜಾರಿನ ಸರಿಯಾದ ನಡುವಿನಲ್ಲಿ 'ಗ್ರಾಂ ಕ್ರೂ', ಎಲ್ಲಕ್ಕಿಂತ ಮೇಲಿನದು. ಅಂಥ ಹೆಸರು ಪಡೆದವು ಇಡೀ ಬರ್ಗಂಡಿಯಲ್ಲಿ 33 ಮಾತ್ರ. ವೋನ್-ರೊಮಾನೆ ಎಂಬ ಹಳ್ಳಿಯಲ್ಲಿ ಹೆದ್ದಾರಿಯಿಂದ ಹೊರಟು ಕಾಲು ಗಂಟೆ ನಡೆದರೆ ಈ ನಾಲ್ಕು ಮೆಟ್ಟಿಲನ್ನೂ ಹತ್ತಿದಂತಾಯಿತು. ಕೊನೆಗೆ ಎದುರಾಗುವುದು ಮೋಟು ಕಲ್ಲುಗೋಡೆ, ಒಂದು ಕಲ್ಲಿನ ಶಿಲುಬೆ, ಅದರ ಹಿಂದೆ 1.8 ಹೆಕ್ಟೇರ್ ಜಮೀನು. ಅದೇ ರೊಮಾನೆ-ಕೋಂತಿ. ನಾಲ್ಕೂವರೆ ಎಕರೆ ಹೊಲ! ಅಲ್ಲಿ 1945ರಲ್ಲಿ ಬೆಳೆದ ದ್ರಾಕ್ಷಿಯ ಒಂದು ಸೀಸೆ 2018ರಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 5,58,000 ಡಾಲರ್‌ಗೆ ಹೋಯಿತು. ಅಷ್ಟು ಹಣ ಕೊಟ್ಟವರು ಅದನ್ನು ಕುಡಿಯುತ್ತಾರೋ ನೋಡುತ್ತ ಕೂರುತ್ತಾರೋ ಎಂಬುದು ಬೇರೆ ಮಾತು.

ಸಮುದ್ರ ತಳದ ಹೊಲ

ಈ ಮೆಟ್ಟಿಲುಗಳನ್ನು ಕಟ್ಟಿದ್ದು ಮನುಷ್ಯರಲ್ಲ. ಹದಿನೈದು ಹದಿನಾರು ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚನೆಯ, ಆಳವಿಲ್ಲದ ಸಮುದ್ರವಿತ್ತು. ಚಿಪ್ಪುಜೀವಿಗಳ ಅವಶೇಷ ತಳದಲ್ಲಿ ಪದರಪದರವಾಗಿ ಕೂತು ಸುಣ್ಣಕಲ್ಲಾಯಿತು. ಆ ಕಾಲಕ್ಕೆ ಭೂವಿಜ್ಞಾನಿಗಳು ಇಟ್ಟ 'ಜುರಾಸಿಕ್' ಎಂಬ ಹೆಸರು ಬಂದದ್ದು ಇಲ್ಲಿಂದ ಪೂರ್ವಕ್ಕೆ, ಸೋನ್ ಬಯಲಿನಾಚೆ ಇರುವ ಜುರಾ ಪರ್ವತಗಳಿಂದಲೇ. ಡೈನೋಸಾರ್ ಸಿನಿಮಾ ನೋಡಿದ ಮಕ್ಕಳಿಗೆ ಈ ಹೆಸರಿನ ಊರು ಎಲ್ಲಿದೆಯೆಂದು ಇನ್ನು ಹೇಳಬಹುದು. ಮುಂದೆ ಸೋನ್ ಬಯಲು ಬಿರುಕು ಬಿಟ್ಟು ಕುಸಿದಾಗ ಈ ಪದರಗಳ ಅಂಚು ಪೂರ್ವಕ್ಕೆ ಮುಖ ಮಾಡಿ ತೆರೆದುಕೊಂಡಿತು. ನೆತ್ತಿಯಲ್ಲಿ ಮಣ್ಣು ತೆಳು. ಬುಡದಲ್ಲಿ ಕೊಚ್ಚಿ ಬಂದ ಮಣ್ಣು ದಪ್ಪ, ನೀರು ನಿಲ್ಲುತ್ತದೆ. ನಡುವಿನಲ್ಲಿ ಸುಣ್ಣಕಲ್ಲಿನ ಚೂರೂ ಜೇಡಿಯೂ ಹದವಾಗಿ ಬೆರೆತು, ನೀರು ಬಸಿದು ಹೋಗುತ್ತದೆ, ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ದ್ರಾಕ್ಷಿಬಳ್ಳಿಗೆ ಇಷ್ಟೇ ಬೇಕು. ನೀರು ಗೊಬ್ಬರ ಸಮೃದ್ಧವಾದರೆ ಅದು ಎಲೆಯನ್ನೇ ಬೆಳೆಸುತ್ತದೆ; ಸ್ವಲ್ಪ ಕಷ್ಟವಿದ್ದರೆ ಹಣ್ಣಿನ ಕಡೆ ಗಮನ ಕೊಡುತ್ತದೆ.

ಇದನ್ನು ಮೊದಲು ಕ್ರಮವಾಗಿ ಗಮನಿಸಿದವರಲ್ಲಿ 1098ರಲ್ಲಿ ಸ್ಥಾಪನೆಯಾದ ಸಿತೋ ಮಠದ ಸಂನ್ಯಾಸಿಗಳು ಮುಖ್ಯರು. ಅವರು ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಎಲ್ಲೆ ಗುರುತಿಸಿದರೆಂಬ ಕಥೆಯಿದೆ. ಕಥೆ ಚೆನ್ನಾಗಿದೆ, ನಂಬಲೇಬೇಕೆಂದಿಲ್ಲ. ಅವರು ಗೋಡೆ ಕಟ್ಟಿದ ಕ್ಲೋ ದ ವೂಜೋ ಎಂಬ 50 ಹೆಕ್ಟೇರ್ ತೋಟ ಇಂದಿಗೂ ಇದೆ. ಹೀಗೆ ಗುರುತಿಸಿ ಹೆಸರಿಟ್ಟ 1,247 ತುಂಡುಗಳು 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಪಿನೋ ನ್ವಾರ್ ರೈತನಿಗೆ ಸುಖ ಕೊಡುವ ತಳಿಯಲ್ಲ. ಗೊಂಚಲು ಸಣ್ಣದು, ದೇವದಾರು ಕಾಯಿಯಂತೆ ಒತ್ತಾದದ್ದು, ಸಿಪ್ಪೆ ತೆಳು, ಮಳೆ ಬಿದ್ದರೆ ಕೊಳೆಯುತ್ತದೆ, ಬೇಗ ಚಿಗುರಿ ಹಿಮಕ್ಕೆ ಸಿಕ್ಕಿಬೀಳುತ್ತದೆ. ಪಕ್ಕದಲ್ಲೇ ಗಮೇ ಎಂಬ ತಳಿ ಕೈತುಂಬ ಫಸಲು ಕೊಡುತ್ತಿತ್ತು. ರೈತರು ಅತ್ತ ವಾಲಿದರು. 1395ರಲ್ಲಿ ಬರ್ಗಂಡಿಯ ಡ್ಯೂಕ್ 'ಧೀರ' ಫಿಲಿಪ್, ಗಮೇ ನಂಬಿಕೆಗೆ ಅರ್ಹವಲ್ಲದ ಗಿಡ, ಕಿತ್ತು ಹಾಕಿ ಎಂದು ರಾಜಾಜ್ಞೆ ಹೊರಡಿಸಿದ. ಗಿಡಕ್ಕೆ ರಾಜದ್ರೋಹದ ಆಪಾದನೆ! ಅದೇ ಗಮೇ ಇಂದು 'ಕೊತೋ ಬೂರ್ಗಿಞೋಂ' ಎಂಬ ಎಲ್ಲಕ್ಕಿಂತ ಅಗ್ಗದ ಸೀಸೆಯಲ್ಲಿ ಕಾನೂನುಬದ್ಧವಾಗಿ ಸೇರಿಕೊಂಡಿದೆ. 2011ರಲ್ಲಿ ಆ ಹೆಸರಿಗೆ ಮಾನ್ಯತೆ ದೊರೆಯಿತು.

ಡ್ಯೂಕನಿಗಿಂತ ಕ್ರೂರವಾಗಿ ಬಂದದ್ದು ಒಂದು ಹೇನಿನಂಥ ಕೀಟ. ಅಮೆರಿಕದಿಂದ ಬಂದ ಫಿಲ್ಲೋಕ್ಸೆರಾ 1860ರ ದಶಕದಲ್ಲಿ ಫ್ರಾನ್ಸ್‌ನ ದಕ್ಷಿಣದಲ್ಲಿ ಕಾಣಿಸಿಕೊಂಡು, ಬಳ್ಳಿಯ ಬೇರನ್ನು ತಿನ್ನುತ್ತ 1870ರ ದಶಕದ ಕೊನೆಗೆ ಬರ್ಗಂಡಿ ಹೊಕ್ಕಿತು. ಕೊನೆಗೆ ಸಿಕ್ಕ ಮದ್ದು ನಮ್ಮ ಮಾವಿನ ತೋಟದವರಿಗೆ ಚೆನ್ನಾಗಿ ಗೊತ್ತಿರುವುದೇ: ಕಸಿ. ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬೇರಿನ ಮೇಲೆ ಯುರೋಪಿನ ರೆಂಬೆ. ರೊಮಾನೆ-ಕೋಂತಿಯವರು ಮಾತ್ರ ಹಟ ಹಿಡಿದು ಮೂಲ ಬೇರನ್ನೇ 1945ರವರೆಗೆ ಉಳಿಸಿಕೊಂಡರು. ಆ ಹರಾಜಿನ ಸೀಸೆಯ ಬೆಲೆಗೆ ಇದೂ ಒಂದು ಕಾರಣ.

ಒಗರಿನ ಕಥೆ

ದ್ರಾಕ್ಷಿ ಕೊಯ್ದ ಮೇಲೆ ನಡೆಯುವುದು ಹತ್ತನೇ ತರಗತಿಯ ಪಾಠ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇಕಡಾ ಒಂದು ಆಲ್ಕೊಹಾಲ್. ಅನಿಲ ಗಾಳಿಗಿಂತ ಭಾರವಾದ್ದರಿಂದ ತೊಟ್ಟಿಯ ಮೇಲೆ, ನೆಲಮಾಳಿಗೆಯ ತಳದಲ್ಲಿ ನಿಲ್ಲುತ್ತದೆ. ಹಿಂದೆ ಕೆಲಸಗಾರರು ಮೇಣದಬತ್ತಿ ಹಿಡಿದು ಇಳಿಯುತ್ತಿದ್ದರು. ಬತ್ತಿ ಆರಿದರೆ ಹಿಂದಿರುಗುತ್ತಿದ್ದರು. ಪ್ರಯೋಗಶಾಲೆಯಲ್ಲಿ ತಮಾಷೆಯಾಗಿ ಕಾಣುವ ಈ ಪರೀಕ್ಷೆ ಅಲ್ಲಿ ಪ್ರಾಣದ ಪ್ರಶ್ನೆ.

ಆಮೇಲೆ ಎರಡನೆಯ ಹುದುಗು. ಹಸಿ ಸೇಬಿನ ಹುಳಿಗೆ ಕಾರಣವಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ಮೊಸರಿನಲ್ಲಿರುವುದು ಇದೇ ಆಮ್ಲ. ತೀಕ್ಷ್ಣ ಹುಳಿ ಮೆತ್ತಗಾಗುತ್ತದೆ. ನಂತರ 228 ಲೀಟರಿನ ಓಕ್ ಪೀಪಾಯಿಯಲ್ಲಿ ಕೆಲವು ತಿಂಗಳು, ಒಮ್ಮೊಮ್ಮೆ ಒಂದೂವರೆ ವರ್ಷ. ಅಗ್ಗದ ವೈನಿಗೆ ಹೊಸ ಪೀಪಾಯಿಯ ಯೋಗ ವಿರಳ. ಹಳೆಯದು ಇಲ್ಲವೇ ಉಕ್ಕಿನ ತೊಟ್ಟಿ.

ಸೀಸೆಗೆ ಹೋದ ಮೇಲೆ ಅದು ಏಕೆ ಬದಲಾಗಬೇಕು? ಹಳೆ ಅಕ್ಕಿ, ಹಳೆ ಹುಣಸೆಹಣ್ಣು, ವರ್ಷ ಕಳೆದ ಉಪ್ಪಿನಕಾಯಿಯ ಗುಣ ಬಲ್ಲ ಅಜ್ಜಿಯಂದಿರಿಗೆ ಈ ಪ್ರಶ್ನೆ ವಿಚಿತ್ರವೆನಿಸದು. ಕೆಂಪು ವೈನಿನಲ್ಲಿ ಮುಖ್ಯ ಪಾತ್ರಧಾರಿ ಟ್ಯಾನಿನ್. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಕಂಡವರಿಗೆ ಅದರ ಪರಿಚಯ ಬೇಕಿಲ್ಲ. ಟ್ಯಾನಿನ್ ಜೊಲ್ಲಿನ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ, ಬಾಯಿಯ ಜಾರುಗುಣ ಹೋಗಿ ನಾಲಿಗೆ ಒಣಗಿದಂತಾಗುತ್ತದೆ. ಕನ್ನಡ ಇದಕ್ಕೆ 'ಒಗರು' ಎಂಬ ಸೊಗಸಾದ ಪದವನ್ನು ಎಂದೋ ಕೊಟ್ಟಿದೆ. ದ್ರಾಕ್ಷಿಯ ಬೀಜ, ಸಿಪ್ಪೆ, ತೊಟ್ಟಿನಿಂದ ಬಂದ ಟ್ಯಾನಿನ್ ಅಣುಗಳು ಸೀಸೆಯೊಳಗೆ ವರ್ಷಗಟ್ಟಲೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ, ಕೆಲವು ತುಂಡಾಗುತ್ತವೆ, ಕೆಲವು ಬಣ್ಣದ ಅಣುಗಳ ಜೊತೆ ಸೇರುತ್ತವೆ. ತೀರ ದೊಡ್ಡದಾದವು ತಳಕ್ಕೆ ಇಳಿದು ಗಸಿಯಾಗುತ್ತವೆ. ಹಾಗಾಗಿ ನೇರಳೆ ಛಾಯೆಯ ಎಳೆಯ ವೈನ್ ಮಾಣಿಕ್ಯದ ಕೆಂಪಾಗಿ, ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಒಗರು ತಗ್ಗುತ್ತದೆ.

ಇದಕ್ಕೆ ಆಮ್ಲಜನಕ ಬೇಕು, ಆದರೆ ಚೂರೇ ಚೂರು. ಒಳ್ಳೆಯ ಕಾರ್ಕ್ ಬಿರಡೆ ವರ್ಷಕ್ಕೆ ಒಂದು ಮಿಲಿಗ್ರಾಂ ಆಸುಪಾಸು ಒಳಗೆ ಬಿಡುತ್ತದೆ. ಹೆಚ್ಚಾದರೆ ವೈನ್ ಹಾಳು. ಕಾರ್ಕ್ ಒಣಗಿ ಸಂದು ಬಿಡದಿರಲೆಂದೇ ಸೀಸೆಗಳನ್ನು ಮಲಗಿಸಿ ಇಡುವುದು. ನೆಲಮಾಳಿಗೆಯ ಉಷ್ಣತೆ ವರ್ಷವಿಡೀ 12 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬ ಸ್ಥೂಲ ಸೂತ್ರವನ್ನು ಪಿಯುಸಿ ವಿದ್ಯಾರ್ಥಿಗಳು ಓದಿರುತ್ತಾರೆ. ಯುರೋಪಿನಿಂದ ಯಾರೋ ತಂದುಕೊಟ್ಟ ಇಂಥ ಸೀಸೆಯನ್ನು ರಾಯಚೂರಿನ ಬೇಸಿಗೆಯಲ್ಲಿ ಗಾಜಿನ ಬೀರುವಿನಲ್ಲಿ ಅಲಂಕಾರಕ್ಕೆ ನಿಲ್ಲಿಸಿದರೆ ಅದು ಹಳತಾಗುವುದಿಲ್ಲ, ಬೇಯುತ್ತದೆ.

ವೈನ್ ಮತ್ತು ಗಾಳಿಯ ಸಂಬಂಧವನ್ನು ಪ್ರಯೋಗದಿಂದ ತೋರಿಸಿದವರು ಲೂಯಿ ಪಾಶ್ಚರ್. ಹುಟ್ಟಿದ್ದು 1822ರಲ್ಲಿ, ದಿಜೋನ್‌ಗೆ ದೂರವಲ್ಲದ ದೋಲ್ ಪಟ್ಟಣದಲ್ಲಿ. 1848ರಲ್ಲಿ ಕೆಲಕಾಲ ದಿಜೋನ್‌ನ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟರಾಗಿದ್ದರೆಂಬುದು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಕೋರಿಕೆಯಂತೆ ವೈನಿನ ರೋಗಗಳನ್ನು ಅಭ್ಯಸಿಸಿ 1866ರಲ್ಲಿ ಪುಸ್ತಕ ಪ್ರಕಟಿಸಿದರು. ಗಾಜಿನ ನಳಿಗೆಗಳಲ್ಲಿ ಒಂದಕ್ಕೆ ಗಾಳಿಯಿಟ್ಟು, ಇನ್ನೊಂದಕ್ಕೆ ಇಡದೆ ಮುಚ್ಚಿ ಹೋಲಿಸಿದರು. ವೈನ್ ಕೆಡದಿರಲು ಹದವಾಗಿ ಬಿಸಿ ಮಾಡುವ ಅವರ ವಿಧಾನವೇ ಇಂದು ಹಾಲಿನ ಪೊಟ್ಟಣದ ಮೇಲೆ 'ಪಾಶ್ಚರೀಕರಿಸಿದ' ಎಂದು ಅಚ್ಚಾಗುತ್ತಿದೆ. ಉತ್ತಮ ಬರ್ಗಂಡಿಯನ್ನು ಮಾತ್ರ ಹಾಗೆ ಬಿಸಿ ಮಾಡುವುದಿಲ್ಲ.

ನುಂಗದೆ ನೋಡುವ ರುಚಿ

ಬೋನ್ ಪಟ್ಟಣದ ಬೀದಿಗಳ ಅಡಿಯಲ್ಲಿ ಇನ್ನೊಂದು ಊರೇ ಇದೆ ಎನ್ನಬಹುದು. ಮೆಟ್ಟಿಲಿಳಿದರೆ ತಣ್ಣನೆ ಕತ್ತಲು, ಗೋಡೆಗೆ ಕಪ್ಪು ಬೂಷ್ಟು, ಸಾಲು ಪೀಪಾಯಿ. ಇಂಥ ಕತ್ತಲಿಗಾಗಿಯೇ ಮಾಡಿದ್ದು 'ತಾಸ್ತವ್ಯಾಂ' ಎಂಬ ಬೆಳ್ಳಿಯ ಚಪ್ಪಟೆ ಬಟ್ಟಲು. ಅದರ ತಳದ ಗುಳಿ ಉಬ್ಬುಗಳು ಮೇಣದಬತ್ತಿಯ ಬೆಳಕನ್ನು ಚದುರಿಸಿ ಬಣ್ಣ, ತಿಳಿ ಎರಡನ್ನೂ ತೋರಿಸುತ್ತವೆ. ಈಗ ಹೆಚ್ಚಾಗಿ ಹೊಟ್ಟೆ ಅಗಲ, ಬಾಯಿ ಕಿರಿದಾದ ಗಾಜಿನ ಲೋಟ.

ಕ್ರಮ ಸರಳ. ಬಿಳಿ ಬಟ್ಟೆಯ ಮೇಲೆ ಲೋಟ ಓರೆ ಮಾಡಿ ಅಂಚಿನ ಬಣ್ಣ ನೋಡುವುದು, ಅಲುಗಿಸದೆ ಒಮ್ಮೆ, ಸುತ್ತಿಸಿ ಒಮ್ಮೆ ಮೂಸುವುದು, ಒಂದು ಗುಟುಕನ್ನು ಬಾಯಲ್ಲಿ ಆಡಿಸುವುದು, ಉಗುಳುವುದು. ಹೌದು, ಉಗುಳುವುದು. ದಿನಕ್ಕೆ ಐವತ್ತು ಮಾದರಿ ಪರೀಕ್ಷಿಸುವವರು ನುಂಗುತ್ತ ಹೋದರೆ ಆರನೆಯದಕ್ಕೇ ಪರೀಕ್ಷೆ ಮುಗಿಯುತ್ತದೆ. ಅಲ್ಲದೆ ನಾಲಿಗೆಗೆ ತಿಳಿಯುವುದು ಹುಳಿ, ಸಿಹಿ, ಕಹಿಯಂಥ ಕೆಲವೇ. ಉಳಿದದ್ದೆಲ್ಲ ಮೂಗಿನ ಕೆಲಸ. ನೆಗಡಿಯಾದಾಗ ಸಾರು ಸಪ್ಪೆಯಾಗುವುದು ಇದಕ್ಕೇ.

ಎರಡು ವರ್ಷದ ಅಗ್ಗದ ಬೂರ್ಗೋನ್ ಸೀಸೆ ತೆರೆದರೆ ಚೆರ್ರಿ, ರಾಸ್ಪ್‌ಬೆರಿ ಹಣ್ಣಿನ ವಾಸನೆ, ಚುರುಕು ಹುಳಿ, ಕೊನೆಗೆ ಅಷ್ಟಿಷ್ಟು ಒಗರು. ನಾಲ್ಕೈದು ವರ್ಷಕ್ಕೆ ಹಣ್ಣು ಹಿಂದೆ ಸರಿದು ಒಣ ಎಲೆ, ಅಣಬೆ, ಮಳೆ ನಿಂತ ಕಾಡಿನ ನೆಲದ ವಾಸನೆ ಮುಂದೆ ಬರುತ್ತದೆ. ಅಗ್ಗದ ಸೀಸೆಗೆ ಸಾಮಾನ್ಯವಾಗಿ ಅಲ್ಲಿಗೆ ಆಯುಷ್ಯದ ಶಿಖರ. ಮತ್ತೆ ಹತ್ತು ವರ್ಷ ಕಾದರೆ ಹೊಸದೇನೂ ಹುಟ್ಟುವುದಿಲ್ಲ, ಹುಳಿಯಷ್ಟೇ ಉಳಿಯುತ್ತದೆ. ಹಳತಾದಷ್ಟೂ ಒಳ್ಳೆಯದೆಂಬ ಮಾತು ಎಲ್ಲ ವೈನಿಗೂ ನಿಜವಲ್ಲ, ಕೂಡಿಟ್ಟ ಸಾರ ಇದ್ದರೆ ಮಾತ್ರ ಕಾಲ ಅದರ ಮೇಲೆ ಕೆಲಸ ಮಾಡೀತು. ನಡುಬೆಲೆಯವರಿಗೆ ದಕ್ಷಿಣದ ಮೆರ್ಕ್ಯೂರೆ, ಜಿವ್ರಿ ಊರಿನ ಕೆಂಪು ವೈನ್ ಹೆಚ್ಚು ಬಾಳುತ್ತದೆಂದು ತಿಳಿದವರು ಹುಡುಕುತ್ತಾರೆ.

ಇಷ್ಟೆಲ್ಲ ವರ್ಣನೆಯಲ್ಲಿ ಎಷ್ಟು ಮೂಗಿನದು, ಎಷ್ಟು ಮನಸ್ಸಿನದು? ಫ್ರಾನ್ಸ್‌ನ ಇನ್ನೊಂದು ವೈನ್ ಪ್ರಾಂತ ಬೋರ್ದೋದಲ್ಲಿ ವಿಜ್ಞಾನಿಗಳು ವೈನ್ ಶಾಸ್ತ್ರ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಒಡ್ಡಿದರು. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ವಿದ್ಯಾರ್ಥಿಗಳು ಅದರ ವಾಸನೆಯನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ಬಣ್ಣಿಸಿದರು! 2001ರಲ್ಲಿ ಪ್ರಕಟವಾದ ಈ ಪ್ರಯೋಗ, ಕಣ್ಣು ಮೂಗಿಗೆ ಹೇಗೆ ಸುಳ್ಳು ಹೇಳಿಕೊಡುತ್ತದೆಂಬುದಕ್ಕೆ ಒಳ್ಳೆಯ ಉದಾಹರಣೆ. ಬಣ್ಣ ಬೆರೆಸಿದ ಶರಬತ್ತುಗಳಿಂದ ಶಾಲೆಯಲ್ಲೇ ಇದನ್ನು ಮಾಡಿ ನೋಡಬಹುದು.

ಊಟದ ಮೇಜಿನಿಂದ ಆಸ್ಪತ್ರೆಗೆ

ಮಕ್ಕಳು ಓದುವ ಪುಟದಲ್ಲಿ ಇದನ್ನು ಮುಚ್ಚಿಡುವಂತಿಲ್ಲ: ವೈನಿನಲ್ಲಿರುವುದು ಆಲ್ಕೊಹಾಲೇ. ಅದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿತು. ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿತು. ಹೆಮ್ಮೆಯ ಫ್ರಾನ್ಸ್ ಕೂಡ ಇದನ್ನು ನಿಧಾನವಾಗಿ ಕಲಿಯಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಶಾಲೆಯ ಊಟದ ಮನೆಯಲ್ಲಿ ವೈನ್ ಕೊಡಬಾರದೆಂಬ ನಿಷೇಧ ಬಂದದ್ದು 1956ರಲ್ಲಿ. ಪ್ರೌಢಶಾಲೆಗಳಲ್ಲಿ ಪೂರ್ತಿ ನಿಂತದ್ದು 1981ರಲ್ಲಿ! 1991ರ ಕಾನೂನು ಮದ್ಯದ ಜಾಹೀರಾತಿಗೆ ಕಡಿವಾಣ ಹಾಕಿತು. 2009ರಿಂದ ಹದಿನೆಂಟು ತುಂಬದವರಿಗೆ ಮಾರುವಂತಿಲ್ಲ.

ಬೋನ್‌ನ ಅತಿ ಸುಂದರ ಕಟ್ಟಡ ಒಂದು ಆಸ್ಪತ್ರೆ ಎಂಬುದು ಈ ನಡುವೆ ನೆನಪಾಗುತ್ತದೆ. ಡ್ಯೂಕನ ಮಂತ್ರಿ ನಿಕೊಲಾ ರೊಲ್ಯಾಂ ಮತ್ತು ಆತನ ಹೆಂಡತಿ ಗಿಗೋನ್ ಬಡವರಿಗಾಗಿ 1443ರಲ್ಲಿ ಕಟ್ಟಿಸಿದ್ದು. ಬಣ್ಣದ ಹೆಂಚಿನ ಚಿತ್ತಾರದ ಚಾವಣಿ, ಉದ್ದನೆಯ ವಾರ್ಡಿನಲ್ಲಿ ಕೆಂಪು ಪರದೆಯ ಹಾಸಿಗೆಗಳು. ದಾನಿಗಳು ಕೊಟ್ಟ ದ್ರಾಕ್ಷಿತೋಟಗಳು ಈಗ ಸುಮಾರು 60 ಹೆಕ್ಟೇರ್ ಇವೆ. 1859ರಿಂದ ಅವುಗಳ ವೈನನ್ನು ಹರಾಜು ಹಾಕಿ ಆಸ್ಪತ್ರೆ ನಡೆಸುತ್ತ ಬಂದಿದ್ದಾರೆ. ಈಗ ನವೆಂಬರಿನ ಮೂರನೆಯ ಭಾನುವಾರ ಆ ಹರಾಜು. ಹಳೆಯ ಕಟ್ಟಡ ವಸ್ತುಸಂಗ್ರಹಾಲಯವಾಗಿದೆ, ರೋಗಿಗಳು ಹೊಸ ಕಟ್ಟಡದಲ್ಲಿದ್ದಾರೆ. ವೈನ್ ಮಾರಿದ ಹಣದಲ್ಲಿ ಔಷಧಿ ಎಂಬ ವ್ಯಂಗ್ಯ ಆ ಊರಿನವರಿಗೂ ತಿಳಿಯದ್ದಲ್ಲ.

664 ವರ್ಷಗಳ ದಿನಚರಿ

ಬೋನ್ ಪಟ್ಟಣದ ದೊಡ್ಡ ಆಸ್ತಿ ಸೀಸೆಯಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ದ್ರಾಕ್ಷಿ ಕೊಯ್ಲು ಯಾವ ದಿನ ಆರಂಭವಾಯಿತೆಂಬುದು ಕೂಲಿ ಲೆಕ್ಕ, ಪುರಸಭೆಯ ನಡಾವಳಿ, ಪತ್ರಿಕೆಗಳಲ್ಲಿ ದಾಖಲಾಗಿದೆ. ಸಂಶೋಧಕರು ಅವನ್ನೆಲ್ಲ ಕೂಡಿಸಿ 1354ರಿಂದ 2018ರವರೆಗಿನ ಪಟ್ಟಿಯನ್ನು 2019ರಲ್ಲಿ ಪ್ರಕಟಿಸಿದರು. ವಸಂತ ಮತ್ತು ಬೇಸಿಗೆ ಬಿಸಿಯಾದಷ್ಟೂ ಹಣ್ಣು ಬೇಗ ಮಾಗುತ್ತದೆ. ಹಾಗಾಗಿ ಉಷ್ಣತಾಮಾಪಕ ಹುಟ್ಟುವ ಮೊದಲೇ ಈ ತಾರೀಖುಗಳು ಉಷ್ಣತೆಯನ್ನು ಅಳೆದಿಟ್ಟಿವೆ. 1987ರವರೆಗೆ ಕೊಯ್ಲು ಸರಾಸರಿ ಸೆಪ್ಟೆಂಬರ್ 28ಕ್ಕೆ ಶುರುವಾಗುತ್ತಿತ್ತು. 1988ರಿಂದ ಈಚೆಗೆ ಅದು ಸರಾಸರಿ 13 ದಿನ ಮುಂದಕ್ಕೆ ಬಂದಿದೆ. ಫ್ರಾನ್ಸ್‌ನಲ್ಲಿ ಸುಮಾರು ಹದಿನೈದು ಸಾವಿರ ಮಂದಿ ಬಿಸಿಗಾಳಿಗೆ ಸತ್ತ 2003ರಲ್ಲಿ ಕೊಯ್ಲು ಆಗಸ್ಟಿನಲ್ಲೇ ನಡೆಯಿತು.

ಅಗ್ಗದ ವೈನ್ ಮಾಡುವ ರೈತನಿಗೆ ಮೊದಮೊದಲು ಇದು ವರದಂತೆ ಕಂಡಿತು. ತಣ್ಣನೆಯ ವರ್ಷಗಳಲ್ಲಿ ಬಯಲಿನ ದ್ರಾಕ್ಷಿ ಮಾಗುತ್ತಿರಲಿಲ್ಲ, ರಸಕ್ಕೆ ಸಕ್ಕರೆ ಸೇರಿಸಬೇಕಾಗುತ್ತಿತ್ತು. ಈಗ ಆ ಅಗತ್ಯ ಕಡಿಮೆ. ಆದರೆ ಬಿಸಿ ಹೆಚ್ಚಿದಂತೆ ಹಣ್ಣಿನ ಹುಳಿ ಕುಸಿಯುತ್ತದೆ, ಸಕ್ಕರೆ ಏರುತ್ತದೆ, ವೈನ್ ಬಾಳಿಕೆ ಬರುವುದಿಲ್ಲ. ಬೆಚ್ಚನೆಯ ಮಾರ್ಚ್ ಬಳ್ಳಿಯನ್ನು ಬೇಗ ಚಿಗುರಿಸುತ್ತದೆ. ಏಪ್ರಿಲ್‌ನ ಒಂದು ಹಿಮದ ರಾತ್ರಿ ಚಿಗುರನ್ನೆಲ್ಲ ಸುಡುತ್ತದೆ. 2021ರ ಏಪ್ರಿಲ್‌ನಲ್ಲಿ ಆದದ್ದು ಅದೇ. ಸಾಲುಗಳ ನಡುವೆ ರೈತರು ಸಾವಿರಾರು ಮೇಣದ ಡಬ್ಬಿ ಹಚ್ಚಿಟ್ಟು ರಾತ್ರಿಯಿಡೀ ಕಾದರು. ದೂರದಿಂದ ಚಿತ್ರ ತೆಗೆದವರಿಗೆ ಅದು ದೀಪಾವಳಿಯಂತೆ ಕಂಡಿತು. ಆದರೆ ಮೇಣಕ್ಕೆ ಹಣ ಬೇಕು. ಅದನ್ನು ಬೆಲೆಬಾಳುವ ತೋಟದವರು ಹಚ್ಚಬಲ್ಲರು. ಹೆದ್ದಾರಿಯಾಚೆಯ ಬಯಲಿನವನಿಗೆ ಲೆಕ್ಕ ಹೊಂದುವುದಿಲ್ಲ.

ಜಮೀನಿನ ಬೆಲೆಯದು ಇನ್ನೊಂದು ಬಾಧೆ. ನೆಪೋಲಿಯನ್ನನ ಕಾಲದಿಂದ ಮಕ್ಕಳಿಗೆಲ್ಲ ಪಾಲು ಕೊಡಬೇಕೆಂಬ ಕಾನೂನಿದೆ. ಕ್ಲೋ ದ ವೂಜೋದ 50 ಹೆಕ್ಟೇರ್‌ಗೆ ಇಂದು ಎಂಬತ್ತರಷ್ಟು ಒಡೆಯರು. ಕೆಲವರಿಗೆ ಬಂದಿರುವುದು ಬೆರಳೆಣಿಕೆಯ ಸಾಲುಗಳು. ಪಾಲು ಪಟ್ಟಿಯ ಜಗಳ ಕಂಡ ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆರಿಗೆ ಕಟ್ಟಲಾರದೆ, ಒಡಹುಟ್ಟಿದವರ ಪಾಲು ಕೊಳ್ಳಲಾರದೆ ಮಾರುವವರಿದ್ದಾರೆ. ಕೊಳ್ಳಲು ಪ್ಯಾರಿಸ್‌ನ ದೊಡ್ಡ ಬಂಡವಾಳಗಾರರಿದ್ದಾರೆ. 2014ರಲ್ಲಿ ಕ್ಲೋ ದೆ ಲಾಂಬ್ರೆ, 2017ರಲ್ಲಿ ಕ್ಲೋ ದ ತಾರ್ ಹೀಗೆಯೇ ಕೈ ಬದಲಾದವು.

ಫ್ರೆಂಚ್ ಕುಟುಂಬಗಳಲ್ಲಿ ಒಂದು ವಾಡಿಕೆಯಿದೆ. ಮಗು ಹುಟ್ಟಿದ ವರ್ಷದ ವೈನನ್ನು ಕೊಂಡು ನೆಲಮಾಳಿಗೆಯಲ್ಲಿ ಮಲಗಿಸಿ, ಮಗುವಿಗೆ ಹದಿನೆಂಟು ತುಂಬಿದ ದಿನ ತೆರೆಯುವುದು. ಹಣವಂತರು ಗ್ರಾಂ ಕ್ರೂ ಇಡುತ್ತಾರೆ. ಉಳಿದವರು ಊರಿನ ಹೆಸರಿನ ಒಂದೆರಡು ಸೀಸೆ, ಅದೂ ಆಗದವರು ಬರಿಯ ಬೂರ್ಗೋನ್. 2021ರಲ್ಲಿ ಹುಟ್ಟಿದ ಮಕ್ಕಳ ಪಾಲಿಗೆ ಬಂದದ್ದು ಹಿಮದ ವರ್ಷ: ಹಣ್ಣೂ ಕಡಿಮೆ, ವೈನೂ ತೆಳು. ಆ ವರ್ಷದ ಅಗ್ಗದ ಸೀಸೆ ಹದಿನೆಂಟು ವರ್ಷ ತಡೆಯಲಾರದೆಂದು ಅಂಗಡಿಯವನೇ ಹೇಳಿಯಾನು. ಆದರೂ ಮಗು ಹುಟ್ಟಿದ ವರ್ಷ ಅದೇ ಆದ್ದರಿಂದ ತಂದೆ ತಾಯಿ ಅದನ್ನೇ ಕೊಳ್ಳುತ್ತಾರೆ, ಚೀಟಿಯಲ್ಲಿ ಮಗುವಿನ ಹೆಸರು ಬರೆದು ಕತ್ತಲಲ್ಲಿ ಮಲಗಿಸುತ್ತಾರೆ. ಆ ಬಿರಡೆಗಳನ್ನು ತೆಗೆಯುವುದು 2039ರಲ್ಲಿ.